ಕಾಫಿ ಬರುವವರೆಗೂ ಯಾರೂ ಎಣಿಸಲಿಲ್ಲ: ಮೈಸೂರಿನ ಓಟದ ಬಳಗವೊಂದರ ಪ್ರಕರಣ

ಮೈಸೂರಿನ ನಮ್ಮ ಓಟದ ಬಳಗದಲ್ಲಿ ನಡೆದ ಒಂದು ಸಣ್ಣ ಘಟನೆಯನ್ನೂ ಅದರ ಬೆನ್ನಲ್ಲೇ ಸುಮಾರು ಎಂಟು ತಿಂಗಳು ನಡೆದ ಚರ್ಚೆ, ಪ್ರಯೋಗ, ಮುನಿಸುಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಘಟನೆ ಇಷ್ಟೇ: ಒಂದು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಓಡಲು ಹೋದ 19 ಮಂದಿಯಲ್ಲಿ 18 ಮಂದಿ ಇಳಿದು ಬಂದು ತಿಂಡಿಗೆಂದು ಹೋಟೆಲಿನಲ್ಲಿ ಕೂತೆವು, ಒಬ್ಬರು ಬಂದಿಲ್ಲವೆಂಬುದು ಇಡ್ಲಿ ಮುಗಿದು ಕಾಫಿ ಮೇಜಿಗೆ ಬರುವವರೆಗೂ ಯಾರ ಗಮನಕ್ಕೂ ಬರಲಿಲ್ಲ. ಬಳಗದ ಸಂಚಾಲಕನಾಗಿ ತಲೆ ಎಣಿಸುವ ಕೆಲಸ ನನ್ನದಾಗಿತ್ತು. ಆದ್ದರಿಂದ ಇದನ್ನು ದೂರದಲ್ಲಿ ನಿಂತು ನೋಡಿದವನ ವರದಿಯೆಂದು ಓದಬಾರದು. ಯಾರ ಹೆಸರನ್ನೂ ಹಾಕಿಲ್ಲ. ಹಿಂದೆ ಉಳಿದವರು ಒಬ್ಬ ಪ್ರೌಢಶಾಲಾ ಶಿಕ್ಷಕಿ. ಕರಡನ್ನು ಅವರಿಗೆ ಓದಲು ಕೊಟ್ಟಾಗ ಎರಡು ಕಡೆ ವಿಷಯವನ್ನೂ ಏಳು ಕಡೆ ಕಾಗುಣಿತವನ್ನೂ ತಿದ್ದಿ ಕಳಿಸಿದ್ದಾರೆ.

ಬಳಗದ ದಿನಚರಿ

ವಾರದ ನಡುವೆ ನಾವು ಸೇರುವುದು ಕುಕ್ಕರಹಳ್ಳಿ ಕೆರೆಯಲ್ಲಿ. ಮಾನಸಗಂಗೋತ್ರಿಯ ಪಕ್ಕದ ಈ ಕೆರೆಯನ್ನು ಸುತ್ತುವ ಕಾಲುದಾರಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಇದೆ. ಬೆಳಗಿನ ಹೊತ್ತು ಅಲ್ಲಿ ನಡೆಯುವವರೇ ಹೆಚ್ಚು. ಕುವೆಂಪು ಅವರು ಓಡಾಡಿದ ದಾರಿ ಎಂಬ ಅಭಿಮಾನವೂ ಮೈಸೂರಿಗರಿಗೆ ಆ ದಂಡೆಯ ಮೇಲಿದೆ. ಓಡುವವರಾದ ನಾವು ನಡೆಯುವವರ ಬೈಗುಳ ತಿನ್ನದಂತೆ ಪಕ್ಕಕ್ಕೆ ಸರಿಯುತ್ತ, ಹೆಜ್ಜಾರ್ಲೆಗಳು ನೀರಿಗಿಳಿಯುವ ಹೊತ್ತಿಗೆ ಒಂದು ಅಥವಾ ಎರಡು ಸುತ್ತು ಮುಗಿಸುತ್ತೇವೆ. ಭಾನುವಾರ ದೂರದ ಓಟ, ಆಮೇಲೆ ತಿಂಡಿ. ಬಳಗಕ್ಕೆ ಸೇರಲು ಯಾವ ಪರೀಕ್ಷೆಯೂ ಇಲ್ಲ, ಶುಲ್ಕವೂ ಇಲ್ಲ. ಟೀ ಶರ್ಟಿನ ದುಡ್ಡು ಕೊಟ್ಟರೆ ಸಾಕು.

ಹೊರಗಿನಿಂದ ನೋಡಿದವರಿಗೆ ಇದು ಒಂದೇ ಗುಂಪಿನಂತೆ ಕಾಣುತ್ತದೆ. ವಾಸ್ತವದಲ್ಲಿ ಓಟ ಶುರುವಾದ ಹತ್ತು ನಿಮಿಷಕ್ಕೆ ಅದು ಮೂರು ತುಂಡಾಗುತ್ತದೆ, ಮತ್ತು ಯಾರು ಯಾರ ಜೊತೆ ಮಾತಾಡುತ್ತಾರೆ ಎಂಬುದನ್ನು ಸ್ನೇಹಕ್ಕಿಂತ ಹೆಚ್ಚಾಗಿ ಪೇಸ್, ಅಂದರೆ ಒಂದು ಕಿಲೋಮೀಟರ್ ಓಡಲು ಹಿಡಿಯುವ ಹೊತ್ತು, ನಿರ್ಧರಿಸುತ್ತದೆ. ಕಿಲೋಮೀಟರಿಗೆ ಆರು ನಿಮಿಷ ಅಥವಾ ಅದಕ್ಕಿಂತ ವೇಗವಾಗಿ ಓಡುವ ಮುಂದಿನವರ ಮಾತು ವಾಚು, ಶೂ, ಬೆಂಗಳೂರಿನ ವರ್ಲ್ಡ್ 10ಕೆ ಓಟದಲ್ಲಿ ಕಳೆದ ಸಲಕ್ಕಿಂತ ಎಷ್ಟು ಸೆಕೆಂಡು ಉಳಿಸಬಹುದು ಎಂಬ ಲೆಕ್ಕ. ಏಳೂವರೆ ನಿಮಿಷದ ಆಸುಪಾಸಿನ ನಡುವಿನವರಲ್ಲಿ ಸೈಟಿನ ಖಾತೆ, ಮಕ್ಕಳ ಮದುವೆ, ಬಿಪಿ ಮಾತ್ರೆ, ಪಾಲಿಕೆಯ ನೀರು, ಎಲ್ಲವೂ ಬರುತ್ತದೆ. ನಾನು ಈ ನಡುವಿನವನು, ಮತ್ತು ಬಳಗದ ನಿಜವಾದ ಸುಖ ಇಲ್ಲಿದೆ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ. ಅದರ ಹಿಂದೆ ಕಿಲೋಮೀಟರಿಗೆ ಒಂಬತ್ತು ನಿಮಿಷದಂತೆ ಸ್ವಲ್ಪ ಓಡಿ ಸ್ವಲ್ಪ ನಡೆಯುವವರು ಇಬ್ಬರೋ ಮೂವರೋ ಇರುತ್ತಾರೆ. ಅವರೂ ಒಬ್ಬರಿಂದೊಬ್ಬರು ದೂರ ದೂರ.

ಶಿಕ್ಷಕಿ ಈ ಕೊನೆಯ ಸಾಲಿನವರು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ವೈದ್ಯರು ಹೇಳಿದ ಮೇಲೆ ನಡಿಗೆ ಆರಂಭಿಸಿ, ನಡಿಗೆಯಿಂದ ಓಟಕ್ಕೆ ಬಂದವರು. ಕಾಟನ್ ಚೂಡಿದಾರ, ಬಿಳಿ ಕ್ಯಾನ್ವಾಸ್ ಶೂ, ಕರ್ಚೀಫಿನ ತುದಿಗೆ ಗಂಟು ಹಾಕಿದ ಮನೆಯ ಬೀಗದ ಕೈ. ಐದು ತಿಂಗಳಲ್ಲಿ ಅವರು ಎರಡೇ ಭಾನುವಾರ ತಪ್ಪಿಸಿದ್ದರು. ಹಾಜರಿ ಬರೆದಿಡುವವನು ನಾನೇ ಆದ್ದರಿಂದ ಇದು ಗೊತ್ತು. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ ಎಂಬುದು ಆಮೇಲೆ ಅರಿವಿಗೆ ಬಂತು.

ಒಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇದು ಪ್ರತಿವಾರ ನಡೆಯುತ್ತಿತ್ತು ಮತ್ತು ನಾವೆಲ್ಲ ಇದನ್ನು ಸೌಜನ್ಯ ಎಂದೇ ತಿಳಿದಿದ್ದೆವು. ದೂರದ ಓಟದ ನಡುವೆ ಒಂದು ತಿರುವಿನಲ್ಲಿ ಮುಂದಿನವರು ನಿಂತು ಹಿಂದಿನವರಿಗೆ ಕಾಯುತ್ತಾರೆ. ಐದಾರು ನಿಮಿಷ ನಿಂತು, ನೀರು ಕುಡಿದು, ಕಾಲು ಚಾಚಿ ಸಡಿಲಿಸಿ, ನಗೆಚಾಟಿಕೆ ಮುಗಿಸಿ ಅವರು ತಂಪಾಗಿರುತ್ತಾರೆ. ಅಷ್ಟರಲ್ಲಿ ಶಿಕ್ಷಕಿ ಮುಖ ಕೆಂಪಗೆ ಮಾಡಿಕೊಂಡು ಬರುತ್ತಾರೆ. ‘ಹಾಂ, ಬಂದ್ರು ಮೇಡಂ, ಸೂಪರ್! ನಡೀರಿ ನಡೀರಿ’ ಎಂದು ಚಪ್ಪಾಳೆ ತಟ್ಟಿ ಎಲ್ಲರೂ ಹೊರಟುಬಿಡುತ್ತಾರೆ. ವಿಶ್ರಾಂತಿ ಬೇಕಿಲ್ಲದವರಿಗೆಲ್ಲ ವಿಶ್ರಾಂತಿ ಸಿಕ್ಕಿತು, ಬೇಕಾದ ಒಬ್ಬರಿಗೆ ಚಪ್ಪಾಳೆ ಸಿಕ್ಕಿತು.

ಆ ಭಾನುವಾರ

ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, ರಸ್ತೆಯಲ್ಲಿ ಓಡಿ ಹತ್ತಿ, ಅದೇ ದಾರಿಯಲ್ಲಿ ಇಳಿಯುವುದು ಆ ದಿನದ ಯೋಜನೆ. ಮೊಬೈಲು, ಪರ್ಸು, ಮೇಲಂಗಿಗಳನ್ನು ವಕೀಲ ಮಿತ್ರರೊಬ್ಬರ ಕಾರಿನ ಡಿಕ್ಕಿಯಲ್ಲಿ ಇಡುವುದು ನಮ್ಮ ರೂಢಿಯಾಗಿತ್ತು. ಇಳಿಯುವಾಗ ಟಾರು ಕಿತ್ತುಹೋಗಿದ್ದ ಅಂಚಿನಲ್ಲಿ ಶಿಕ್ಷಕಿಯ ಕಾಲು ಹೊರಳಿತು. ತೀರಾ ದೊಡ್ಡ ಪೆಟ್ಟಲ್ಲ, ಆದರೆ ಓಡುವ ಹಾಗಿರಲಿಲ್ಲ. ಮೋಟುಗೋಡೆಯ ಮೇಲೆ ಕೂತು, ಯಾರಾದರೂ ತಿರುಗಿ ಬರಬಹುದೆಂದು ಒಂದಷ್ಟು ಹೊತ್ತು ಕಾದು, ಆಮೇಲೆ ನಿಧಾನವಾಗಿ ಕುಂಟುತ್ತ ಇಳಿದರು. ಬುಡಕ್ಕೆ ಬರುವಷ್ಟರಲ್ಲಿ ಕಾರುಗಳು ಹೊರಟುಹೋಗಿದ್ದವು, ಅವರ ಫೋನೂ ಜೊತೆಗೇ ಹೋಗಿತ್ತು. ಆಟೋ ಹಿಡಿದು ಮನೆ ಸೇರಿ, ಮಗಳಿಂದ ದುಡ್ಡು ತರಿಸಿ ಬಾಡಿಗೆ ಕೊಟ್ಟರು.

ಇತ್ತ ಹೋಟೆಲಿನಲ್ಲಿ, ಕಾಫಿ ಬಂದ ಹೊತ್ತಿಗೆ, ಪರ್ಸು ತರಲೆಂದು ಕಾರಿನ ಬಳಿ ಹೋದ ವಕೀಲರಿಗೆ ಡಿಕ್ಕಿಯೊಳಗೆ ಫೋನು ರಿಂಗಾಗುವುದು ಕೇಳಿಸಿತು. ಎತ್ತಿದಾಗ ಅತ್ತಲಿಂದ ಹುಡುಗಿಯ ದನಿ: ‘ಅಂಕಲ್, ಅಮ್ಮನ ಫೋನ್ ನಿಮ್ಮ ಹತ್ರ ಇದೆಯಾ? ಅಮ್ಮ ಮನೆಗೆ ಬಂದಿದ್ದಾರೆ.’ ಅವರು ಕಾಣೆಯಾಗಿದ್ದರು ಎಂಬ ಸುದ್ದಿ ನಮಗೆ ತಲುಪಿದ್ದು ಅವರು ಮನೆ ಸೇರಿದರು ಎಂಬ ಸುದ್ದಿಯ ರೂಪದಲ್ಲಿ.

ಮಧ್ಯಾಹ್ನ ನಾನೂ ವಕೀಲರೂ ಫೋನು ತೆಗೆದುಕೊಂಡು, ದಾರಿಯಲ್ಲಿ ಬಾಳೆಹಣ್ಣು ಕಟ್ಟಿಸಿಕೊಂಡು ಅವರ ಮನೆಗೆ ಹೋದೆವು. ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಐಸ್ ಇಟ್ಟುಕೊಂಡು, ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾವು ಕ್ಷಮೆ ಕೇಳಿದೆವು. ಅವರು ಕಾಫಿ ಕೊಡಿಸಿದರು. ಬೈಯುತ್ತಾರೆಂದು ತಯಾರಾಗಿ ಹೋಗಿದ್ದ ನಮಗೆ ಆ ಮರ್ಯಾದೆಯೇ ಕಷ್ಟವಾಯಿತು. ಹೊರಡುವ ಹೊತ್ತಿಗೆ ಅವರು ಹೇಳಿದ್ದು: ‘ಬಿಟ್ಟು ಬಂದಿದ್ದಕ್ಕೆ ಬೇಜಾರಿಲ್ಲ ಸರ್, ಆಗತ್ತೆ. ಐದು ತಿಂಗಳಿಂದ ಬರ್ತಿದೀನಿ. ನಾನು ಏನು ಪಾಠ ಮಾಡ್ತೀನಿ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ ಹೇಳಿ ನೋಡೋಣ.’ ವಕೀಲರು ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿದ್ದ ಉತ್ತರಪತ್ರಿಕೆಯನ್ನು ಕದ್ದು ನೋಡಿ ‘ಕನ್ನಡ’ ಎಂದೆ. ಅವರು ನಕ್ಕರು, ಆದರೆ ಮುಂದಿನ ಆರು ವಾರ ಬರಲಿಲ್ಲ. ಅವರ ಜೊತೆಗೆ ಇನ್ನೂ ಮೂವರು ಹೆಂಗಸರು ಯಾರಿಗೂ ಏನೂ ಹೇಳದೆ ನಿಂತುಹೋದರು.

ತಿಂಡಿಯ ಮೇಜಿನ ವಾದ

ಮುಂದಿನ ಭಾನುವಾರದ ಚರ್ಚೆಯಲ್ಲಿ ವಕೀಲರು ಸಹಜವಾಗಿಯೇ ಕಾಗದದ ಮಾತೆತ್ತಿದರು: ಹೊರಡುವಾಗ ಒಂದು ಪಟ್ಟಿ, ಬಂದಾಗ ಒಂದು ಗುರುತು, ಎಲ್ಲರಿಂದ ಒಂದು ಮುಚ್ಚಳಿಕೆ. ಮುಂದಿನ ಸಾಲಿನ ಸಾಫ್ಟ್‌ವೇರ್ ಹುಡುಗನೊಬ್ಬ, ‘ಸರ್, ಅವರವರ ಪೇಸ್ ಅವರವರದು. ನಾನು ವಾರಕ್ಕೊಂದೇ ಸಲ ಲಾಂಗ್ ರನ್ ಮಾಡೋದು. ಅದರಲ್ಲೂ ನಿಂತು ನಿಂತು ಹೋದರೆ ನನ್ನ ಟ್ರೈನಿಂಗ್ ಏನಾಗಬೇಕು?’ ಎಂದ. ಅವನ ಮೇಲೆ ಹಲವರು ಮುಗಿಬಿದ್ದರು; ನನಗೆ ಅವನ ಮಾತು ಅನ್ಯಾಯದ್ದೆಂದು ಅನಿಸಲಿಲ್ಲ, ಇಂದಿಗೂ ಅನಿಸುವುದಿಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾತ್ರ ವಡೆ ಮುರಿಯುತ್ತ, ‘ಅಲ್ಲಪ್ಪಾ, ನೀನು ಒಬ್ಬನೇ ಓಡೋದಾದ್ರೆ ನಿಮ್ಮ ಮನೆ ಮುಂದಿನ ರಸ್ತೇನೇ ಇತ್ತಲ್ಲ, ಇಲ್ಲಿಗೆ ಯಾಕೆ ಬರ್ತೀಯ?’ ಎಂದು ಕೇಳಿದರು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ‘ಮಾತಾಡೋಕೆ’ ಎಂದ.

ಪ್ರಕರಣದ ತಿರುಳು ಈ ಒಂದು ಪದದಲ್ಲಿದೆ ಎಂದು ನನ್ನ ತೀರ್ಮಾನ. ಎಲ್ಲರೂ ಇದನ್ನು ಸುರಕ್ಷತೆಯ ಸಮಸ್ಯೆಯೆಂದು ಹಿಡಿದರು; ಪಟ್ಟಿಯಿಂದ, ಫೋನಿನಿಂದ ಅದು ಬಗೆಹರಿಯುವಂಥದ್ದೇ. ಶಿಕ್ಷಕಿ ಎತ್ತಿದ ಪ್ರಶ್ನೆ ಬೇರೆ. ಜನ ಬಳಗಕ್ಕೆ ಬರುವುದು ಮಾತಿಗಾಗಿ, ಮಾತು ಸಿಗುವುದು ಸಮನಾದ ಉಸಿರಿನವರಿಗೆ, ಹಾಗಾಗಿ ಅತಿ ನಿಧಾನದವರು ಎಲ್ಲರಷ್ಟೇ ಬೆವರು ಸುರಿಸಿ, ಎಲ್ಲರಿಗಿಂತ ಹೆಚ್ಚು ಹೊತ್ತು ರಸ್ತೆಯಲ್ಲಿದ್ದು, ಬಂದ ಕಾರಣವನ್ನೇ ಪಡೆಯದೆ ಹೋಗುತ್ತಾರೆ.

ಉಸಿರಿನ ವಿಷಯ ಸ್ವಲ್ಪ ವಿವರಿಸಬೇಕು. ನಾವು ಮಾತಾಡುವುದು ಉಸಿರು ಬಿಡುವಾಗ. ಒಂದು ಪೂರ್ತಿ ವಾಕ್ಯ ಹೇಳಲು ಉಸಿರನ್ನು ಹಿಡಿತದಲ್ಲಿಟ್ಟು ನಿಧಾನವಾಗಿ ಬಿಡಬೇಕು. ಓಟದ ತೀವ್ರತೆ ಒಂದು ಮಟ್ಟ ದಾಟಿದರೆ ದೇಹಕ್ಕೆ ಇಂಗಾಲದ ಡೈಆಕ್ಸೈಡನ್ನು ಬೇಗ ಬೇಗ ಹೊರಹಾಕಬೇಕಾಗುತ್ತದೆ, ಉಸಿರಾಟ ಚುರುಕಾಗುತ್ತದೆ, ಮಾತಿಗೆ ಪುರುಸೊತ್ತು ಸಿಗುವುದಿಲ್ಲ. ತರಬೇತುದಾರರು ಬಳಸುವ ‘ಟಾಕ್ ಟೆಸ್ಟ್’ ನಿಂತಿರುವುದು ಇದರ ಮೇಲೆಯೇ: ಪೂರ್ತಿ ವಾಕ್ಯದಲ್ಲಿ ಮಾತಾಡಲು ಆದರೆ ಓಟ ಹಗುರ, ಎರಡು ಮೂರು ಪದಕ್ಕೇ ನಿಂತರೆ ಭಾರ. ಕನ್ನಡದಲ್ಲಿ ಈ ಪರೀಕ್ಷೆ ಇನ್ನೂ ಸಲೀಸು, ಏಕೆಂದರೆ ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಏದುಸಿರಿನವರ ವಾಕ್ಯ ಕರ್ತೃ, ಕರ್ಮ ಮುಟ್ಟಿ ಕ್ರಿಯಾಪದದ ಹೊಸ್ತಿಲಲ್ಲಿ ಮುಗ್ಗರಿಸುತ್ತದೆ. ‘ನಿನ್ನೆ ನಮ್ಮ ಮಗಳನ್ನ ಹಾಸ್ಟೆಲ್‌ಗೆ...’ ಎಂದವರು ಬಿಟ್ಟು ಬಂದರೋ, ಸೇರಿಸಲು ಹೋಗಿ ವಾಪಸಾದರೋ ತಿಳಿಯಲು ಮುಂದಿನ ಇಳಿಜಾರಿನವರೆಗೆ ಕಾಯಬೇಕು. ಆದರೆ ಈ ಪರೀಕ್ಷೆ ಒಬ್ಬೊಬ್ಬರಿಗೆ ಒಂದೊಂದು ಫಲ ಕೊಡುತ್ತದೆ. ಹುಡುಗನಿಗೆ ಹರಟೆಯ ಪೇಸ್ ಆಗಿರುವುದು ಶಿಕ್ಷಕಿಗೆ ಉಸಿರು ಕಟ್ಟಿಸುವ ಪೇಸ್. ಜೊತೆಗೆ ಓಡಿದರೂ ಇಬ್ಬರಲ್ಲಿ ಒಬ್ಬರಿಗೆ ಬಾಯಿ ಇರುವುದಿಲ್ಲ.

ಓಟದ ಬಳಗಗಳ ಚರಿತ್ರೆಯಲ್ಲಿ ಈ ಮಾತಿಗೆ ಒಂದು ಒಳ್ಳೆಯ ಉದಾಹರಣೆ ಇದೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ತನ್ನ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ ಚಿನ್ನ ಗೆದ್ದ ಮೇಲೆ, ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಆಕ್ಲೆಂಡಿನಲ್ಲಿ ನಡುವಯಸ್ಸಿನವರನ್ನೂ ಹೃದ್ರೋಗಿಗಳನ್ನೂ ಸೇರಿಸಿ ನಿಧಾನವಾಗಿ ಓಡಿಸತೊಡಗಿದರು. 1962ರ ಕೊನೆಯಲ್ಲಿ ಅಲ್ಲಿಗೆ ಹೋದ ಅಮೆರಿಕದ ಬಿಲ್ ಬೋವರ್‌ಮನ್ ಒಂದು ದಿನ ಈ ಗುಂಪಿನ ಜೊತೆ ಓಡಿದರು. ಒರೆಗಾನ್ ವಿಶ್ವವಿದ್ಯಾಲಯದ ಹೆಸರಾಂತ ತರಬೇತುದಾರ, ಮುಂದೆ ನೈಕಿ ಆದ ಕಂಪನಿಯ ಸ್ಥಾಪಕರಲ್ಲೊಬ್ಬ. ಆಗ ವಯಸ್ಸು 50 ದಾಟಿತ್ತು. ಮೊದಲ ಏರಿನಲ್ಲೇ ಅವರು ಹಿಂದೆ ಬಿದ್ದರು. ಆಗ 70 ದಾಟಿದ, ಹೃದಯಾಘಾತಗಳನ್ನು ಕಂಡಿದ್ದ ಒಬ್ಬ ವೃದ್ಧರು ಅವರಿಗಾಗಿ ಹಿಂದೆ ಉಳಿದು, ಮಾತಾಡುತ್ತ ಮಾತಾಡುತ್ತ ಜೊತೆಗೇ ಬಂದರು. ಬೋವರ್‌ಮನ್ ಅವರಿಗೆ ಉತ್ತರ ಕೊಡಲೂ ಉಸಿರಿರಲಿಲ್ಲ. ಊರಿಗೆ ಮರಳಿದ ಮೇಲೆ ಯುಜೀನ್ ನಗರದಲ್ಲಿ ಅವರು ಜಾಗಿಂಗ್ ಶುರುಮಾಡಿಸಿದರು, ಅಮೆರಿಕದ ಜಾಗಿಂಗ್ ಗೀಳಿಗೆ ಅದೂ ಒಂದು ಮೂಲ. ಆ ವೃದ್ಧರು ಅಂದು ಮುಂದೆ ಓಡಿಹೋಗಿದ್ದರೆ ಬೋವರ್‌ಮನ್ ಮನಸ್ಸು ಎತ್ತ ತಿರುಗುತ್ತಿತ್ತೋ!

ಮೂರು ಪ್ರಯತ್ನಗಳು

ಮೊದಲು ಮಾಡಿದ್ದು ಸರದಿಯಂತೆ ಒಬ್ಬರನ್ನು ಕೊನೆಯವರ ಜೊತೆ ಬಿಡುವುದು. ಇಂಥ ಏರ್ಪಾಡು ಬೇರೆ ಕಡೆ ಚೆನ್ನಾಗಿ ನಡೆಯುತ್ತದೆ; 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಮಂದಿಯಿಂದ ಆರಂಭವಾದ ಪಾರ್ಕ್‌ರನ್ ಓಟಗಳಲ್ಲಿ ಕೊನೆಯ ಸ್ಥಾನ ಯಾವಾಗಲೂ ಒಬ್ಬ ಸ್ವಯಂಸೇವಕರದ್ದೇ. ನಮ್ಮಲ್ಲಿ ಅದು ಕಾವಲಿನಂತಾಯಿತು. ಸರದಿ ಬಂದವರು ವಾಚು ನೋಡುತ್ತ, ನಾಲ್ಕು ಹೆಜ್ಜೆ ಮುಂದೆ ಓಡಿ ಮತ್ತೆ ಹಿಂದೆ ಬಂದು, ‘ಪರವಾಗಿಲ್ವಾ ಮೇಡಂ? ನೀರು ಬೇಕಾ ಮೇಡಂ?’ ಎಂದು ಕೇಳುತ್ತಿದ್ದರು. ಆರು ವಾರದ ನಂತರ ಮರಳಿದ ಶಿಕ್ಷಕಿ ಎರಡನೆಯ ಭಾನುವಾರವೇ, ‘ನನ್ನನ್ನ ಐಸಿಯುನಲ್ಲಿ ಇಟ್ಟ ಹಾಗಿದೆ ಸರ್’ ಎಂದು ದೂರಿದರು. ಬೋವರ್‌ಮನ್ ಜೊತೆ ಉಳಿದ ವೃದ್ಧರಿಗೆ ಯಾರೂ ಡ್ಯೂಟಿ ಹಾಕಿರಲಿಲ್ಲ. ವ್ಯತ್ಯಾಸ ಇರುವುದು ಅಲ್ಲಿಯೇ.

ಎರಡನೆಯದು ಮಲೇಷ್ಯಾದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ ಸದಸ್ಯರೊಬ್ಬರ ಸಲಹೆ. 1938ರಲ್ಲಿ ಕ್ವಾಲಾಲಂಪುರದಲ್ಲಿ ಬ್ರಿಟಿಷರು ಹುಟ್ಟುಹಾಕಿದ ಹ್ಯಾಶ್ ಹೌಸ್ ಹ್ಯಾರಿಯರ್ಸ್ ಬಳಗದಲ್ಲಿ ‘ಮೊಲ’ವಾದವರು ಮೊದಲೇ ಹೋಗಿ ದಾರಿಗೆ ಗುರುತು ಹಾಕುತ್ತಾರೆ, ನಡುನಡುವೆ ಗುರುತು ತಪ್ಪಿಸುತ್ತಾರೆ. ಮುಂದೆ ಓಡಿದವರು ಸುಳ್ಳು ದಾರಿಯಲ್ಲಿ ಹೋಗಿ ವಾಪಸು ಬರುವಷ್ಟರಲ್ಲಿ ಹಿಂದಿನವರು ಬಂದು ಸೇರುತ್ತಾರೆ. ನಾವು ರಂಗೋಲಿ ಪುಡಿಯಿಂದ ಬಾಣ ಮತ್ತು ಅಡ್ಡಗೀಟು ಬರೆದು ಒಂದು ಭಾನುವಾರ ಇದನ್ನು ನಡೆಸಿದೆವು. ವೇಗದವರಿಗೆ ತಪ್ಪು ದಾರಿಯಲ್ಲಿ ಓಡಿದ ಕಿಲೋಮೀಟರುಗಳ ಮೇಲೆ ಸಿಟ್ಟು ಬಂತು. ಮೂರು ದಾರಿ ಕೂಡುವಲ್ಲಿ ಬಿಳಿ ಪುಡಿಯ ಗುರುತು ಕಂಡ ವಾಕಿಂಗಿನ ಹಿರಿಯರೊಬ್ಬರು ಮಾಟ ಎಂದು ಗಾಬರಿಯಾಗಿ ಅದನ್ನು ದಾಟದೆ ಹಿಂತಿರುಗಿದರು. ಎರಡನೆಯ ಭಾನುವಾರ ಯಾರೂ ಮೊಲವಾಗಲು ಒಪ್ಪಲಿಲ್ಲ.

ಮೂರನೆಯದು ಉಳಿದುಕೊಂಡಿತು. ದೂರ ಲೆಕ್ಕ ಹಾಕುವುದನ್ನು ಬಿಟ್ಟು ಹೊತ್ತು ಲೆಕ್ಕ ಹಾಕಿದೆವು. ಬೆಟ್ಟದಂಥ ಏರಿಲ್ಲದ ಲಲಿತ ಮಹಲ್ ಕಡೆಯ ರಸ್ತೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಟು, 35 ನಿಮಿಷವಾದೊಡನೆ ಯಾರು ಎಲ್ಲಿದ್ದರೋ ಅಲ್ಲಿಂದಲೇ ತಿರುಗಬೇಕು. ಆರು ನಿಮಿಷದ ಪೇಸಿನವರು ಆಗ ಹೆಚ್ಚುಕಡಿಮೆ 5.8 ಕಿಲೋಮೀಟರ್ ದೂರದಲ್ಲಿರುತ್ತಾರೆ, ಒಂಬತ್ತರವರು 3.9ರಲ್ಲಿ. ತಿರುಗಿದ ಕ್ಷಣದಲ್ಲಿ ಸಾಲು ತಲೆಕೆಳಗಾಗುತ್ತದೆ: ಮುಂದಿದ್ದವರು ಎಲ್ಲರಿಗಿಂತ ಹಿಂದೆ, ಹಿಂದಿದ್ದವರು ಎಲ್ಲರಿಗಿಂತ ಮುಂದೆ. ಎಲ್ಲರೂ ತಮ್ಮ ತಮ್ಮ ಪೇಸಿನಲ್ಲೇ ಬಂದರೆ 70ನೆಯ ನಿಮಿಷಕ್ಕೆ ಹೊರಟ ಜಾಗದಲ್ಲಿ ಒಟ್ಟಿಗೆ ಕೂಡುತ್ತಾರೆ; ಕೊನೆಯ ಐದು ನಿಮಿಷ ಉಳಿದಾಗ ಮೊದಲಿಗರಿಗೂ ಕಡೆಯವರಿಗೂ ನಡುವಿನ ಅಂತರ 300 ಮೀಟರಿಗಿಂತ ಕಡಿಮೆ. ಯಾರೂ ಯಾರಿಗೂ ಕಾಯುವುದಿಲ್ಲ, ಹುಡುಗನ ತರಬೇತಿಗೂ ಭಂಗವಿಲ್ಲ. ಕೆರೆಯ ಸುತ್ತುದಾರಿಯಲ್ಲಿ ವೇಗದವರು ನಿಧಾನದವರನ್ನು ಹಿಂದಿಕ್ಕಿ, ಸುತ್ತು ಮುಗಿಸಿ ಬಂದು ಮತ್ತೊಮ್ಮೆ ಹಿಂದಿಕ್ಕುವ ಮುಜುಗರವೂ ಇಲ್ಲಿಲ್ಲ.

ಲೆಕ್ಕ ಕಾಗದದ ಮೇಲೆ ಇದ್ದಷ್ಟು ಅಚ್ಚುಕಟ್ಟಾಗಿ ರಸ್ತೆಯ ಮೇಲೆ ಇರುವುದಿಲ್ಲ. ಇಬ್ಬರು ಹೋಗುವಾಗ ಬೇಕೆಂದೇ ನಿಧಾನ ಮಾಡಿ, ಬರುವಾಗ ಕುದುರೆಯಂತೆ ಓಡಿ ಎಲ್ಲರಿಗಿಂತ ಮೊದಲು ಮುಟ್ಟುವ ಚಾಳಿ ಹಿಡಿದರು. ಬ್ಯಾಂಕಿನವರು ‘ಬಡ್ಡಿ ಉಳಿಸಿದೆಯಾ?’ ಎಂದು ಛೇಡಿಸುತ್ತ ಛೇಡಿಸುತ್ತ ಅದನ್ನು ಬಿಡಿಸಿದರು. ನಾಲ್ವರು ವೇಗದವರು ಗುರುವಾರ ಬೆಳಿಗ್ಗೆ ಬೇರೆಯಾಗಿ ಟ್ರ್ಯಾಕ್ ಓಟ ಆರಂಭಿಸಿ, ಭಾನುವಾರ ಅಪರೂಪವಾದರು. ಅವರನ್ನು ಕಳೆದುಕೊಂಡದ್ದು ನಷ್ಟವೇ. ನಿಂತುಹೋದ ಮೂವರು ಹೆಂಗಸರಲ್ಲಿ ಒಬ್ಬರು ಮರಳಿದರು, ಇಬ್ಬರು ಬರಲಿಲ್ಲ.

ಆದರೂ ಕೊನೆಯ ಹತ್ತು ನಿಮಿಷದಲ್ಲಿ ಹಿಂದಿನಿಂದ ಬಂದು ಸೇರುವವರು ಆಗಲೇ ಅರವತ್ತು ನಿಮಿಷ ತಮ್ಮ ಓಟ ಓಡಿ ತಣಿದಿರುತ್ತಾರೆ. ಮುಟ್ಟುವ ಆತುರ ಕಡಿಮೆಯಾಗಿ, ನಿಧಾನದವರ ಪಕ್ಕ ನಾಲ್ಕು ಹೆಜ್ಜೆ ಹಾಕಲು ಅವರಿಗೆ ಕಷ್ಟವಾಗುವುದಿಲ್ಲ. ಮಾತು ಹುಟ್ಟುವುದು ಅಲ್ಲಿ. ಹೀಗೆ ಒಂದು ದಿನ ಪಕ್ಕಕ್ಕೆ ಬಂದ ಸಾಫ್ಟ್‌ವೇರ್ ಹುಡುಗನ ಎದೆಯ ಮೇಲಿನ ಅಕ್ಷರ ನೋಡಿ ಶಿಕ್ಷಕಿ, ‘ಏನಪ್ಪಾ, ನಾವು ಓಟಗಾರರೋ, ಒಟಗಾರರೋ?’ ಎಂದು ಕೇಳಿದರು. ಬಳಗದ ಟೀ ಶರ್ಟಿನಲ್ಲಿ ‘ಓ’ ಬರಬೇಕಾದ ಕಡೆ ‘ಒ’ ಅಚ್ಚಾಗಿತ್ತು. ಎರಡು ವರ್ಷದಿಂದ ನಾವೆಲ್ಲ ಅದನ್ನು ತೊಟ್ಟು ಮೈಸೂರು ತಿರುಗಿದ್ದೆವು. ಸೇರಿದ ಮೊದಲ ದಿನವೇ ಗಮನಿಸಿದ್ದೆ, ಹೇಳೋಣವೆಂದರೆ ಹೇಳುವಷ್ಟು ಹತ್ತಿರ ಯಾರೂ ನಿಂತಿರಲಿಲ್ಲ ಎಂದರು.

ಬೆಟ್ಟದ ಲೆಕ್ಕ

ಬೆಟ್ಟದಲ್ಲಿ ಈ ಉಪಾಯ ನಡೆಯುವುದಿಲ್ಲ. ಏರುವಾಗ ಕಳೆದುಕೊಂಡ ಹೊತ್ತನ್ನು ಇಳಿಯುವಾಗ ಎಲ್ಲರೂ ಒಂದೇ ಪ್ರಮಾಣದಲ್ಲಿ ಗಳಿಸಲಾರರು. ಮೊಣಕಾಲು ನೋವಿನವರು ಇಳಿಜಾರಿನಲ್ಲೇ ಹೆಚ್ಚು ನಿಧಾನ. ಒಂದಿಬ್ಬರು ಬೆಟ್ಟವನ್ನೇ ಕೈಬಿಡೋಣ ಎಂದರು. ಅದನ್ನು ಬಲವಾಗಿ ವಿರೋಧಿಸಿದವರು ಶಿಕ್ಷಕಿಯೇ. ಈಗ ತಿಂಗಳಿಗೊಮ್ಮೆ ಬೆಟ್ಟದ ದಿನ ವೇಗದವರು ರಸ್ತೆಯಲ್ಲಿ ಓಡುತ್ತಾರೆ, ಉಳಿದವರು ಸಾವಿರ ಮೆಟ್ಟಿಲಿನ ದಾರಿ ಹಿಡಿಯುತ್ತಾರೆ, ಎರಡೂ ಕಡೆಯವರು ದೊಡ್ಡ ನಂದಿಯ ಬಳಿ ಸೇರುತ್ತಾರೆ. ಫೋನುಗಳು ಡಿಕ್ಕಿಯಲ್ಲಿ ಇರುವುದಿಲ್ಲ. ವಕೀಲರ ಪಟ್ಟಿಯೂ ಜಾರಿಯಲ್ಲಿದೆ. ಮುಚ್ಚಳಿಕೆ ಮಾತ್ರ ಬೇಡವೆಂದಾಯಿತು. ಇನ್ನೊಂದು ನಿಯಮ ಶಿಕ್ಷಕಿ ಸೂಚಿಸಿದ್ದು: ನಂದಿಯ ಬಳಿಗೆ ಎಲ್ಲರಿಗಿಂತ ಕೊನೆಗೆ ಯಾರು ಬರುತ್ತಾರೋ ಅವರು ‘ಹೊರಡೋಣ’ ಎಂದ ಮೇಲೆಯೇ ಎಲ್ಲರೂ ಹೊರಡತಕ್ಕದ್ದು.

ಹೋದ ತಿಂಗಳು ಕೊನೆಗೆ ಬಂದವರು ಅವರೇ. ಕಟ್ಟೆಯ ಮೇಲೆ ಕೂತು, ಶೂ ಬಿಚ್ಚಿ, ಒಳಗೆ ಸೇರಿದ್ದ ಕಲ್ಲೊಂದನ್ನು ಕೊಡವಿ, ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಕುಡಿದರು. ಹನ್ನೊಂದು ನಿಮಿಷವಾಯಿತು. ಸಾಫ್ಟ್‌ವೇರ್ ಹುಡುಗ ವಾಚನ್ನು ಎರಡು ಸಲ ನೋಡಿಕೊಂಡ, ಏನೂ ಅನ್ನಲಿಲ್ಲ.